ಮ್ಯಾನೇಜರಿಗೆ ಹಾಡಿಲ್ಲ

"ಸೂಟ್‌ಕೇಸ್ ಇತ್ತಾ, ಇಲ್ವಾ? ಅಷ್ಟು ಹೇಳು ಸಾಕು," ಎಂದ ಕ್ಲಿಫ್ ಆಗ್ಡನ್, ಕೈಯಲ್ಲಿದ್ದ ಹಾಲಿನ ಜಗ್ಗನ್ನು ಕೆಳಗಿಡದೆ.

"ಇತ್ತು ಅಂಕಲ್. ಚಿಕ್ಕದು, ಚಕ್ರದ್ದು."

"ಕೋಟು?"

"ಕೋಟು, ಟೈ, ಮುಖ ಕಾಣೋ ಹಾಗೆ ಪಾಲಿಶ್ ಮಾಡಿದ ಬೂಟು. ಗುರುವಾರ ಬೆಳಿಗ್ಗೆ ಏಳು ಗಂಟೆ. ಲಂಡನ್ ರೈಲಿಗೆ ಬಿಡು ಅಂದ್ರು, ಬಿಟ್ಟೆ."

ಕ್ಲಿಫ್ ಕಣ್ಣು ಮುಚ್ಚಿಕೊಂಡ. "ಹೋಯ್ತು. ನಮ್ಮ ಕಥೆ ಮುಗೀತು."

ಥಾರ್ನ್‌ಕ್ಲಫ್ ರೋವರ್ಸ್ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಚಹಾ ಕಿಂಡಿಯ ಒಳಗೆ ಇದ್ದವರು ಇಬ್ಬರು: ಬಸ್ಸು ಓಡಿಸಿ ನಿವೃತ್ತನಾದ ಕ್ಲಿಫ್ ಮತ್ತು ಡೊರೀನ್ ಪಿಲ್ಲಿಂಗ್. ಕಿಂಡಿಯ ಹೊರಗೆ ಮೊಣಕೈ ಊರಿ ನಿಂತವನು ಟ್ಯಾಕ್ಸಿಯ ನದೀಮ್. ಅವನ ಕೊರಳಲ್ಲಿ ದೊಡ್ಡ ಡೋಲು, ಕೈಯಲ್ಲಿ ಈರುಳ್ಳಿ ಚೀಸಿನ ಪೈ. ಆಟಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು. ಒಲೆಯೊಳಗಿನ ಪೈಗಳ ಹಬೆ ಗಾಜಿನ ಮೇಲೆಲ್ಲ ಕುಳಿತಿತ್ತು, ಹೊರಗೆ ಏಪ್ರಿಲ್ ತಿಂಗಳ ಸಣ್ಣ ಮಳೆ.

ಸುದ್ದಿ ಬುಧವಾರದಿಂದಲೇ ಊರೆಲ್ಲ ಸುತ್ತುತ್ತಿತ್ತು. ದಕ್ಷಿಣದ ಯಾವುದೋ ದೊಡ್ಡ ಕ್ಲಬ್ಬು ರೋವರ್ಸ್ ಮ್ಯಾನೇಜರ್ ಗೆಥಿನ್ ಪ್ರಾಸರನನ್ನು ಕರೆದಿದೆಯಂತೆ. ಅವನು ಹೋಗುವುದು ಅಷ್ಟು ಖಚಿತವೆಂದು, ಬಾಜಿ ಕಟ್ಟಿಸಿಕೊಳ್ಳುವ ಅಂಗಡಿಯವನು ಅವನ ಹೆಸರಿನ ಮೇಲೆ ದುಡ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾನಂತೆ. ಕ್ಲಿಫ್‌ನ ನಾದಿನಿ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಮಾಡುವವಳು. ಪ್ರಾಸರನ ಹೆಂಡತಿ ಬಂದು ಕೂದಲನ್ನು ಕುತ್ತಿಗೆಯವರೆಗೂ ಕತ್ತರಿಸಿಕೊಂಡು ಹೋದಳೆಂದು ಆಕೆ ಹೇಳಿದ್ದಳು. "ಊರು ಬಿಡೋ ಹೆಂಗಸರೇ ಹಾಗೆ ಗಿಡ್ಡ ಮಾಡಿಸ್ಕೊಳ್ಳೋದು," ಎಂದು ಕ್ಲಿಫ್ ಅದಕ್ಕೆ ಅರ್ಥವನ್ನೂ ಬರೆದಿದ್ದ.

ಡೊರೀನ್ ಲೋಟಗಳನ್ನು ಸಾಲಾಗಿ ಬೋರಲು ಹಾಕುತ್ತಿದ್ದಳು. ಆಕೆಗೆ ಎಪ್ಪತ್ತೆರಡು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿದವಳು. ನದೀಮನೂ ಆಕೆಯ ಕೈಯ ಆಲೂಗಡ್ಡೆ ತಿಂದೇ ಬೆಳೆದವನು. ಭಾನುವಾರ ಊರಿನ ಪುಟ್ಟ ಚರ್ಚಾದ ಚಾಪೆಲಿನಲ್ಲಿ ಹಾರ್ಮೋನಿಯಮ್ ನುಡಿಸುತ್ತಿದ್ದಳು. ಮೈದಾನದಲ್ಲಿ ಹಳೆಯ ಗಿರಣಿಯ ಕಡೆಗಿರುವ, ಜನ ನಿಂತು ಆಟ ನೋಡುವ ಗಿರಣಿ ಮೆಟ್ಟಿಲುಗಳ ಮೇಲೆ ಎರಡು ಸಾವಿರ ಜನ ಎದೆ ಬಿರಿಯುವಂತೆ ಹಾಡುವ ಹಾಡುಗಳೆಲ್ಲ ಆಕೆ ಕಟ್ಟಿದವು ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರಾರ್ಥನೆಯ ಹಳೆಯ ರಾಗವೊಂದನ್ನು ತೆಗೆದುಕೊಂಡು ಅದಕ್ಕೆ ನಾಲ್ಕು ಸಾಲು ಕೂಡಿಸಿ, ಚೀಟಿಯಲ್ಲಿ ಬರೆದು, ಪೈ ಜೊತೆಗೆ ನದೀಮನ ಕೈಗಿಡುತ್ತಿದ್ದಳು. ಮಿಕ್ಕಿದ್ದು ಅವನ ಡೋಲಿನ ಪಾಲು. ತಾನು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಆಟಗಾರರೆಲ್ಲರಿಗೂ ಹಾಡಿತ್ತು. ಹುಲ್ಲು ಕತ್ತರಿಸುವವನಿಗಿತ್ತು. ಗೋಲ್‌ಕೀಪರನ ನಾಯಿಗೂ ಇತ್ತು. ಮ್ಯಾನೇಜರಿಗೆ ಮಾತ್ರ ಇರಲಿಲ್ಲ.

ಅದಕ್ಕೆ ಕಾರಣವಿತ್ತು. ಡೊರೀನ್ ಹಿಂದೆ ಮೂವರು ಮ್ಯಾನೇಜರುಗಳಿಗೆ ಹಾಡು ಕಟ್ಟಿದ್ದಳು. ಮೊದಲನೆಯವನು ಹಾಡು ಕೇಳಿದ ಹತ್ತೊಂಬತ್ತನೆಯ ದಿನ ಬೇರೆ ಕ್ಲಬ್ಬಿಗೆ ಹೋದ. ಎರಡನೆಯವನಿಗೆ ಶನಿವಾರ ಹಾಡಿದರು, ಮಂಗಳವಾರ ಕೆಲಸದಿಂದ ತೆಗೆದರು. ಮೂರನೆಯವನು ಫುಟ್‌ಬಾಲನ್ನೇ ಬಿಟ್ಟು ಸ್ಪೇನಿನಲ್ಲಿ ಈಜುಕೊಳ ತೊಳೆಯುವ ಕೆಲಸಕ್ಕೆ ಸೇರಿದ. ಆಮೇಲೆ ಗಿರಣಿ ಮೆಟ್ಟಿಲಿನಲ್ಲಿ ಮ್ಯಾನೇಜರ ಹೆಸರನ್ನು ಯಾರೂ ರಾಗಕ್ಕೆ ಎತ್ತಿಕೊಳ್ಳಲಿಲ್ಲ. ನಾಲ್ಕು ವರ್ಷದ ಹಿಂದೆ ಗೆಥಿನ್ ಬಂದು, ಮುಳುಗುತ್ತಿದ್ದ ತಂಡವನ್ನು ಎತ್ತಿ, ಎರಡು ಸಲ ಮೇಲಿನ ದರ್ಜೆಗೆ ಏರಿಸಿದ. ಅವನ ಮೇಲೆ ಪ್ರೀತಿ ಹೆಚ್ಚಿದಷ್ಟೂ ಜನ ಬಾಯಿ ಬಿಗಿಹಿಡಿದರು.

"ಆಂಟೀ," ಎಂದ ನದೀಮ್, ಪೈಯನ್ನು ಕಿಂಡಿಯ ಹಲಗೆಯ ಮೇಲಿಟ್ಟು. "ಇನ್ನೊಂದು ಮಾತಿದೆ. ಹೇಳ್ಬೇಕೋ ಬೇಡ್ವೋ ಅಂತ ಎರಡು ದಿನದಿಂದ ಒದ್ದಾಡ್ತಿದೀನಿ."

"ಹೇಳು ಮಗಾ. ಪೈ ತಣ್ಣಗಾಗುತ್ತೆ."

"ಟ್ಯಾಕ್ಸೀಲಿ ಕೇಳಿದ್ರು. ಗೋಲ್‌ಕೀಪರನ ನಾಯಿಗೂ ಒಂದು ಹಾಡಿದೆಯಂತಲ್ಲ, ಅಂದ್ರು. ಹೌದು ಸಾರ್, ಬಹಳ ಚೆನ್ನಾಗಿದೆ ಅಂದೆ. ಒಳ್ಳೇದು ಅಂದ್ರು. ಆಮೇಲೆ ಸ್ಟೇಷನ್ ಬರೋವರೆಗೂ ಕಿಟಕಿ ಕಡೆ ನೋಡ್ತಾ ಕೂತ್ರು."

ಡೊರೀನಳ ಕೈ ನಿಂತಿತು.

"ನೀನೇನಂದೆ?"

"ಏನನ್ಲಿ? ನೀವು ಹೋಗ್ಬಾರ್ದು ಅಂತಲೇ ನಾವು ಹಾಡಲ್ಲ ಅಂದ್ರೆ ಹುಚ್ಚರ ಊರು ಅಂದ್ಕೊಳ್ತಾರೆ. ಸುಮ್ನಿದ್ದೆ. ನಾಲ್ಕು ವರ್ಷ ಆಂಟೀ! ಆ ಮನುಷ್ಯ ನಮಗೆ ತಾನು ಬೇಡ ಅಂದ್ಕೊಂಡಿದಾನೆ."

"ಅಂದ್ಕೊಳ್ಲಿ," ಎಂದ ಕ್ಲಿಫ್. "ಹಾಡಿದ್ರೆ ಮಂಗಳವಾರದೊಳಗೆ ಮನೆ ಖಾಲಿ ಮಾಡ್ತಾನೆ. ಬಾಯಿ ಮುಚ್ಕೊಂಡಿದ್ರೆ ಇನ್ನೂ ಒಂದಿಷ್ಟು ಆಸೆ ಇದೆ."

"ಈಗ ತಾನೆ ಕಥೆ ಮುಗೀತು ಅಂದ್ರಲ್ಲ ಅಂಕಲ್?"

"ಮುಗಿದ ಮೇಲೂ ಆಸೆ ಇರ್ಬಾರ್ದು ಅಂತ ಯಾರೋ ಹೇಳಿದ್ದು ನಿಂಗೆ? ರೋವರ್ಸ್ ಕಡೆಯವನಾಗಿ ನಲವತ್ತು ವರ್ಷ ಬದುಕಿ ನೋಡು."

ಸರತಿಯಲ್ಲಿ ನಿಂತವರು ಚಹಾ ಕೇಳಿದರು. ಡೊರೀನ್ ಸುರಿದು ಕೊಟ್ಟಳು. ಒಬ್ಬನಿಗೆ ಹಾಲು ಹಾಕುವುದನ್ನು ಮರೆತಳು, ಇನ್ನೊಬ್ಬನಿಗೆ ಎರಡು ಸಲ ಹಾಕಿದಳು. ಕ್ಲಿಫ್‌ಗೂ ನದೀಮನಿಗೂ ಹೇಳದ ಒಂದು ಸಂಗತಿ ಆಕೆಯಲ್ಲಿತ್ತು. ಹಾಡು ಇತ್ತು. ಗೆಥಿನ್ ಬಂದ ಮೊದಲ ಚಳಿಗಾಲದಲ್ಲೇ, ಆತ ಕೊಡೆಯಿಲ್ಲದೆ ತೊಂಬತ್ತು ನಿಮಿಷ ಆಲಿಕಲ್ಲು ಮಳೆಯಲ್ಲಿ ನಿಂತದ್ದನ್ನು ಕಂಡ ರಾತ್ರಿ, ಅದು ತಾನಾಗಿ ಬಂದು ನಿಂತಿತ್ತು. ಚೀಟಿಗೆ ಇಳಿಸಿರಲಿಲ್ಲ. ನಾಲ್ಕು ವರ್ಷದಿಂದ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಬಾಯೊಳಗೇ ಹೇಳಿಕೊಂಡು, ಚಾಪೆಲಿನಲ್ಲಿ ಮೊಣಕಾಲೂರಿದಾಗ ಮಾತ್ರ ಬಲವಂತದಿಂದ ಮರೆಯುತ್ತಿದ್ದಳು.

ಮೂರು ಗಂಟೆಗೆ ಕಿಂಡಿ ಮುಚ್ಚಿ ಮೂವರೂ ತಮ್ಮ ಜಾಗಕ್ಕೆ ಹೋದರು. ಗಿರಣಿ ಮೆಟ್ಟಿಲಿನ ಎಡಮೂಲೆ, ಮ್ಯಾನೇಜರು ನಿಲ್ಲುವ ಗೆರೆಯಿಂದ ಮೂವತ್ತು ಹೆಜ್ಜೆ. ಆಟ ಸಪ್ಪೆಯಾಗಿತ್ತು. ಚೆಂಡು ಕೆಸರಿನಲ್ಲಿ ನಿಂತು ನಿಂತು ಹೊರಡುತ್ತಿತ್ತು. ಜನ ಚೆಂಡನ್ನು ನೋಡುತ್ತಲೂ ಇರಲಿಲ್ಲ. ಎಲ್ಲರ ಕಣ್ಣು ಆ ಬೆನ್ನಿನ ಮೇಲೆ. ಗೆಥಿನ್ ಎಂದಿನಂತೆ ಕೈಗಳನ್ನು ಜೇಬಿಗಿಳಿಸಿ ಮೈದಾನದತ್ತ ಮುಖ ಮಾಡಿ ನಿಂತಿದ್ದ. ನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಮೆಟ್ಟಿಲಿನ ಕಡೆ ತಿರುಗಿದವನಲ್ಲ. ಗೆದ್ದಾಗ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತ ಒಳಗೆ ಹೋಗುವನು, ಅಷ್ಟೆ. ಮಳೆ ಅವನ ಬೋಳುತಲೆಯಿಂದ ಕಾಲರಿನೊಳಕ್ಕೆ ಹರಿಯುತ್ತಿತ್ತು.

ಅರುವತ್ತು ನಿಮಿಷ ದಾಟಿತು. ಯಾರೂ ಹಾಡಲಿಲ್ಲ. ನದೀಮನ ಡೋಲಿನ ಮೇಲೆ ಮಾಡಿನ ಅಂಚಿನಿಂದ ಮಳೆಯ ಹನಿ ಬಿದ್ದು ತಾನಾಗಿ ಟಪಟಪ ಎನ್ನುತ್ತಿತ್ತು.

"ಕ್ಲಿಫ್," ಎಂದಳು ಡೊರೀನ್.

"ಬೇಡ ಕಣೇ."

"ನಾನಿನ್ನೂ ಏನೂ ಹೇಳಿಲ್ಲ."

"ನಿನ್ನ ಮುಖ ಹೇಳ್ತಿದೆ. ಬೇಡ."

"ಹೋಗೋನು ಹೋಗ್ಲಿ ಕಣೋ. ಹಾಡು ಕೇಳ್ದೆ ಹೋಗ್ಬಾರ್ದು."

ಹೀಗೆಂದವಳೇ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಚಾಪೆಲಿನಲ್ಲಿ ಬೇರೆಯವರಿಗೆ ಸ್ವರ ಕೊಡುವವಳು, ತಾನೇ ಬಾಯಿ ತೆರೆದಳು.

"ಕಡಲಿನ ತಡಿಯಿಂದ ನಡೆದು ಬಂದ..."

ದನಿ ಸಣ್ಣದು, ಒಡೆದದ್ದು. ಅಕ್ಕಪಕ್ಕದವರು ತಿರುಗಿ ನೋಡಿದರು. ಯಾರೋ ನಕ್ಕರು, ಹಾಡುತ್ತಿರುವುದು ಯಾರೆಂದು ಕಂಡೊಡನೆ ಆ ನಗು ನಿಂತಿತು.

"ಬಡವರ ಬಯಲಿಗೆ ಬೆಳಕು ತಂದ..."

"ಶ್ರುತಿ ಮೇಲಾಯ್ತು, ಇಳಿಸು," ಎಂದ ಕ್ಲಿಫ್, ಅಳುವ ದನಿಯಲ್ಲಿ. ಆಕೆ ಇಳಿಸಲಿಲ್ಲ.

"ಗುಡುಗಲಿ ಮಳೆಯಲಿ ಕೊಡೆಯಿಲ್ದೆ ನಿಂದ,
ಗೆಥಿನ್ ನಮ್ಮವ, ಗೆಥಿನ್ ನಮ್ಮವ!"

ಆಮೇಲೆ ನದೀಮ್ ಡೋಲಿನ ಮೇಲೆ ಎರಡು ಪೆಟ್ಟು ಹಾಕಿ, ಮೊದಲ ಸಾಲನ್ನು ಎತ್ತಿಕೊಂಡ. ಡೊರೀನ್ ಒಂದೊಂದೇ ಸಾಲು ಹೇಳಿಕೊಟ್ಟಳು, ಅವನು ಕೂಗಿದ, ಅವನ ಹಿಂದಿನವರು ಹೇಳಿದರು, ಅವರ ಹಿಂದಿನವರು ಹೇಳಿದರು. ಮೊದಲು ಹಾಗೆ ಸಾಲಿನಿಂದ ಸಾಲಿಗೆ ಹತ್ತಿದ ಹಾಡು, ಎರಡನೆಯ ಸುತ್ತಿನಲ್ಲಿ ಅರ್ಧ ಮೆಟ್ಟಿಲು ತುಂಬಿತು. ಮೂರನೆಯದರಲ್ಲಿ ಮಾಡಿನ ತಗಡು ನಡುಗಿತು. ನಾಲ್ಕು ವರ್ಷ ಬಿಗಿಹಿಡಿದ ಬಾಯಿಗಳು, ನಿಲ್ಲಿಸುವವರೇ ಇರಲಿಲ್ಲ. ಕ್ಲಿಫ್ ತಲೆಯ ಟೋಪಿ ತೆಗೆದು ಬೀಸುತ್ತ ಪಲ್ಲವಿಯನ್ನು ಎಲ್ಲರಿಗಿಂತ ಒಂದು ಮಾತ್ರೆ ತಡವಾಗಿ, ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ.

ಗೆಥಿನ್‌ನ ಬೆನ್ನು ಮೊದಲು ಅಲುಗಲಿಲ್ಲ. ಆಮೇಲೆ ಕೈಗಳು ಜೇಬಿನಿಂದ ಹೊರಬಂದವು. ಮೈದಾನದ ಆ ತುದಿಯಲ್ಲಿ ರೋವರ್ಸ್‌ಗೆ ಕಾರ್ನರ್ ಕಿಕ್ ಸಿಕ್ಕಿತ್ತು. ಸಹಾಯಕ ಏನೋ ಹೇಳುತ್ತ ಅವನ ತೋಳು ಹಿಡಿದ. ಗೆಥಿನ್ ತೋಳು ಬಿಡಿಸಿಕೊಂಡು, ನಿಧಾನವಾಗಿ, ಪೂರ್ತಿಯಾಗಿ ಮೆಟ್ಟಿಲಿನ ಕಡೆ ತಿರುಗಿದ.

ಅವನ ಬೆನ್ನ ಹಿಂದೆ ಚೆಂಡು ಮೇಲೆದ್ದಿತು. ಎತ್ತರದ ತಲೆಯೊಂದು ಅದಕ್ಕೆ ತಾಗಿತು. ಬಲೆ ಉಬ್ಬಿತು.

ಹಾಡು ಒಡೆದು ಆರ್ಭಟವಾಯಿತು. ಜನ ಒಬ್ಬರ ಮೇಲೊಬ್ಬರು ಬಿದ್ದರು. ನದೀಮನ ಡೋಲು ಯಾರದೋ ತಲೆಗೆ ಬಡಿಯಿತು, ಆ ತಲೆಯವನು ಅವನನ್ನೇ ತಬ್ಬಿಕೊಂಡ. ಇಡೀ ಮೈದಾನದಲ್ಲಿ ಗೋಲನ್ನು ಕಾಣದವನು ಒಬ್ಬನೇ. ಅಷ್ಟೂ ಕೂಗು ತನಗೇ ಎಂದುಕೊಂಡು ಅವನು ಕೆಂಪಗಾಗಿ ನಿಂತಿದ್ದ. ಸಹಾಯಕ ಬಂದು ಕೊರಳಿಗೆ ಜೋತುಬಿದ್ದಾಗ ಒಮ್ಮೆ ಹಿಂದಕ್ಕೆ ನೋಡಿದ, ಮತ್ತೆ ಮೆಟ್ಟಿಲಿನತ್ತ ನೋಡಿದ, ಅಂಗೈ ಮೇಲೆ ಮಾಡಿ "ಯಾರು ಹೊಡೆದದ್ದು?" ಎಂದು ಕೇಳಿದ. ಎರಡು ಸಾವಿರ ಜನ ನಗುತ್ತ ಅವನತ್ತಲೇ ಬೆರಳು ತೋರಿಸಿದರು.

ಆ ಒಂದು ಗೋಲಿನಿಂದಲೇ ರೋವರ್ಸ್ ಗೆದ್ದಿತು. ಐದೂಕಾಲರ ಹೊತ್ತಿಗೆ ಮೈದಾನ ಖಾಲಿಯಾಗಿತ್ತು. ಡೊರೀನ್ ಕಿಂಡಿಯೊಳಗೆ ಚಹಾದ ಹಂಡೆ ತೊಳೆಯುತ್ತಿದ್ದಳು. ಕ್ಲಿಫ್ ಲೋಟ ಒರೆಸುತ್ತ, "ಮಂಗಳವಾರ. ಬರೆದಿಟ್ಕೋ," ಎಂದ, ಹಾಗೆಂದು ಮತ್ತೆ ಪಲ್ಲವಿ ಗುನುಗಿದ.

ಕಿಂಡಿಯ ಹೊರಗೆ ಯಾರೋ ನಿಂತ ಹಾಗಾಯಿತು.

"ಚಹಾ ಮುಗೀತು," ಎಂದಳು ಡೊರೀನ್, ತಲೆ ಎತ್ತದೆ.

"ಪರವಾಗಿಲ್ಲ. ಆ ಹಾಡು ಕಟ್ಟಿದವರು ಯಾರು?"

ಗೆಥಿನ್ ಪ್ರಾಸರ್. ಒದ್ದೆ ಕೋಟಿನಲ್ಲೇ ಬಂದಿದ್ದ.

"ಇವಳೇ ಯಜಮಾನ್ರೇ," ಎಂದ ಕ್ಲಿಫ್ ತಕ್ಷಣ. "ನಾನು ಬೇಡ ಅಂತ ಬಡ್ಕೊಂಡೆ."

ಗೆಥಿನ್ ಆಕೆಯನ್ನು ನೋಡಿದ. ಏನೋ ಹೇಳಲು ಹೋಗಿ ಬೇರೇನೋ ಹೇಳಿದ. "ಅದ್ರಲ್ಲೊಂದು ತಪ್ಪಿದೆ ತಾಯಿ."

"ಏನು ತಪ್ಪು?"

"ನಾನು ಕಡಲ ತಡಿಯವನಲ್ಲ. ನಮ್ಮೂರು ವೇಲ್ಸಿನ ಬೆಟ್ಟದ ಮೇಲೆ. ಕಲ್ಲುಗಣಿ ಊರು. ನಾನು ಮೊದಲ ಸಲ ಸಮುದ್ರ ನೋಡಿದಾಗ ನನಗೆ ಹನ್ನೊಂದು ವರ್ಷ."

"ಅಯ್ಯೋ ದೇವರೇ! ವೇಲ್ಸ್ ಅಂದ್ರೆ ಎಲ್ಲಾ ಕಡಲೇ ಅಂದ್ಕೊಂಡಿದ್ದೆ."

"ನಮ್ಮಮ್ಮ ಕೇಳಿಸ್ಕೊಂಡ್ರೆ ಸುಮ್ನಿರಲ್ಲ." ಅವನು ಕಿಂಡಿಯ ಹಲಗೆಯ ಮೇಲಿದ್ದ ಒದ್ದೆಯನ್ನು ಬೆರಳಿನಿಂದ ಒರೆಸಿದ. "ಆಗಸ್ಟ್‌ನಲ್ಲಿ ಹೊಸ ಸೀಸನ್ ಶುರುವಾಗುತ್ತಲ್ಲ, ಅಷ್ಟರೊಳಗೆ ಸರಿಮಾಡಿ. ಮುಂದಿನ ವರ್ಷವೆಲ್ಲ ತಪ್ಪು ಹಾಡು ಕೇಳ್ಕೊಂಡಿರೋಕೆ ನನ್ನ ಕೈಲಿ ಆಗಲ್ಲ."

ಅವನು ಹೋದ. ಅವನ ಬೂಟಿನ ಸದ್ದು ಆಟಗಾರರು ಒಳಹೋಗುವ ಸುರಂಗದಾರಿಯಲ್ಲಿ ಮರೆಯಾಗುವವರೆಗೂ ಕ್ಲಿಫ್ ಬಾಯಿ ತೆರೆದುಕೊಂಡೇ ಇದ್ದ.

"ಆಗಸ್ಟ್ ಅಂದ," ಎಂದ ಕೊನೆಗೆ. "ಡೊರೀನ್, ಆಗಸ್ಟ್ ಅಂದ ಕಣೇ. ನೀನೂ ಕೇಳಿಸ್ಕೊಂಡೆ ತಾನೆ? ನದೀಮ್ ಎಲ್ಲಿ? ಲೇ, ನದೀಮಾ!" ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಗೇಟಿನತ್ತ ಓಡಿದ. ಮಂಡಿ ನೋವೆಂದು ಆರು ವರ್ಷದಿಂದ ಓಡದವನು.

ಡೊರೀನ್ ಹಂಡೆಯನ್ನು ಬೋರಲು ಹಾಕಿ, ಏಪ್ರನ್ನಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಮಳೆ ನಿಂತಿತ್ತು. ಮೆಟ್ಟಿಲುಗಳ ಮೇಲೆ ಪೈ ಚೂರುಗಳಿಗಾಗಿ ಹಕ್ಕಿಗಳು ಜಗಳವಾಡುತ್ತಿದ್ದವು. ಆಕೆ ಒದ್ದೆ ಕಂಬಿಗೆ ಒರಗಿ ನಿಂತು, ಬೆಟ್ಟ, ಬಂಡೆ, ಕಲ್ಲು ಎಂದು ಒಂದೊಂದು ಪದವನ್ನೂ ನಾಲಿಗೆಯ ಮೇಲಿಟ್ಟು ನೋಡಿದಳು. ಹೆಬ್ಬೆರಳಿನಿಂದ ಬೆರಳುಗಳನ್ನು ಮುಟ್ಟುತ್ತ ಸಾಲಿನ ಮಾತ್ರೆಗಳನ್ನು ಎಣಿಸಿದಳು. ಒಂದು ಬೆರಳು ಮಿಕ್ಕಿತು. ತಲೆಯಾಡಿಸಿ, ಮೊದಲಿನಿಂದ ಮತ್ತೆ ಶುರು ಮಾಡಿದಳು.