ಓದಲು ಬಾರದವರ ರುಜು

೨೦೦೩ರಲ್ಲಿ ಗಲ್ಫಿನ ದೇರಾ ಪೇಟೆಯ ಮಸಾಲೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅಮೆರಿಕದ ಹಳೆಯ ಕಡತಗಳು ಕಂಪ್ಯೂಟರಿಗೆ ಏರುತ್ತಿದ್ದವು. ಏರಿಸುವವರು ಉಡುಪಿ, ಮಂಗಳೂರು ಕಡೆಯವರು. ಹಸೀನಳ ಪಾಲಿಗೆ ಬಂದದ್ದು ಅಲ್ಲಿನ ದಕ್ಷಿಣದ ಯಾವುದೋ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ೧೯೦೨ರ ಮತದಾರರ ರಿಜಿಸ್ಟರು.

ಒಂದೇ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಬೇಕು. ಎರಡೂ ಹೊಂದಿದರೆ ಪುಟ ತಾನಾಗಿ ಮುಂದೆ ಹೋಗುತ್ತದೆ. ಹೊಂದದಿದ್ದರೆ ತಪ್ಪು ಯಾರದೆಂದು ಸೂಪರ್‌ವೈಸರ್ ಶ್ರೀಕಂಠಯ್ಯ ತೀರ್ಮಾನಿಸುತ್ತಾರೆ. ತಪ್ಪು ಹೆಚ್ಚಾದವರ ವೀಸಾ ನವೀಕರಣವಾಗುವುದಿಲ್ಲ. ಹಸೀನಳ ವೀಸಾಕ್ಕೆ ಉಳಿದಿದ್ದದ್ದು ಹದಿನೆಂಟು ದಿನ. ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವರು ತಲೆ ತಗ್ಗಿಸಿ ಟೈಪ್ ಮಾಡುತ್ತಾರೆ. ಇವಳು ಓದುತ್ತ ಕೂತಳು.

ಮೂರು ಪುಟಗಳಲ್ಲಿ ನಲವತ್ತೊಂದು ಹೆಸರುಗಳನ್ನು ಗೆರೆ ಎಳೆದು ಹೊಡೆದುಹಾಕಿದ್ದರು. ಅಷ್ಟೂ ಮಂದಿಯ ಮುಂದೆ ಮೈಬಣ್ಣದ ಕಾಲಮ್ಮಿನಲ್ಲಿ 'ಕರಿಯ' ಎಂದಿತ್ತು, ಷರಾದಲ್ಲಿ 'ಓದಲು ಬಾರದು' ಎಂದಿತ್ತು; ಓದು ಬಾರದವರಿಗೆ ಆಗ ಅಲ್ಲಿ ಮತವಿಲ್ಲ. ಪಕ್ಕದಲ್ಲೇ ಅವರವರ ಕೈಯ ರುಜು, ಒಂದಕ್ಕಿಂತ ಒಂದು ದುಂಡಗೆ. ರುಜು ಬಾರದೆ ಬರೀ ಗುಣಾಕಾರದ ಗುರುತು ಹಾಕಿದ ಬಿಳಿಯರ ಹೆಸರು ಮಾತ್ರ ಭದ್ರವಾಗಿತ್ತು. ಹಸೀನಳಿಗೆ ಮೈ ಉರಿದುಹೋಯಿತು. ಹೊಡೆದ ಸಾಲನ್ನು ಬಿಡಬೇಕೆಂಬುದು ನಿಯಮ. ಅವಳು ನಲವತ್ತೊಂದನ್ನೂ ಟೈಪ್ ಮಾಡಿದಳು.

ಅದೇ ಪುಟಗಳನ್ನು ಮಾಡಿದ ಬಜ್ಪೆಯ ಗೇಬ್ರಿಯಲ್ ನಿಯಮದಂತೆ ಬಿಟ್ಟಿದ್ದ. ನಲವತ್ತೊಂದು ವ್ಯತ್ಯಾಸ!

ಶ್ರೀಕಂಠಯ್ಯ ಮೈಸೂರಿನವರು, ಸಿಟ್ಟಾಗುವುದಕ್ಕಿಂತ ನಿಟ್ಟುಸಿರು ಬಿಡುವ ಆಸಾಮಿ. "ಹೊಡೆದಾಕಿರೋದನ್ನ ಬಿಡಿ ಅಂತ ಅಮೆರಿಕದವರೇ ಹೇಳಿದಾರಲ್ಲಮ್ಮ."

"ಸೈನ್ ನೋಡಿ ಸರ್. ಓದ್ಲಿಕ್ಕೆ ಬಾರದವ ಹೀಗೆ ಬರೀತಾನಾ?"

"ನೋಡಿದೆ. ನಿನ್ನದು ಸರಿ ಅಂದ್ರೆ ನಲವತ್ತೊಂದು ತಪ್ಪು ಗೇಬ್ರಿಯಲ್ ತಲೆಗೆ. ಇಲ್ಲಾಂದ್ರೆ ನಿನ್ನ ತಲೆಗೆ. ಊಟ ಆದ್ಮೇಲೆ ಅಳಿಸಿಬಿಡು."

ಗೇಬ್ರಿಯಲ್‌ನ ವಿಷಯ ಅವಳು ಯೋಚಿಸಿರಲೇ ಇಲ್ಲ. ಮುಂದಿನ ತಿಂಗಳು ಅವನ ಹೆಂಡತಿ ಬರುವವಳಿದ್ದಳು. ನಾಚಿಕೆಯಿಂದಲೇ ಹೋಗಿ ವಿಷಯ ಹೇಳಿದಳು.

"ನಿಂಗೆ ಮಂಡೆ ಸಮ ಉಂಟಾ ಮಾರಾಯ್ತಿ? ಬೇರೆ ಕೆಲಸ ಇಲ್ವಾ?" ಗೇಬ್ರಿಯಲ್ ರೇಗಿದ. ಅವಳ ತಪ್ಪು ತೋರಿಸಲೆಂದೇ ಪುಟ ತೆರೆದವನು ಒಂದು ರುಜುವನ್ನು ದೊಡ್ಡದು ಮಾಡಿ ನೋಡಿದ.

"ಇವ ನನಗಿಂತ ಚಂದ ಬರೀತಾನಲ್ಲ," ಎಂದು ಕೀಬೋರ್ಡ್ ಹತ್ತಿರ ಎಳೆದುಕೊಂಡ. ಅವತ್ತು ಅವನು ಊಟಕ್ಕೆ ಏಳಲಿಲ್ಲ.

ಮೂರು ಗಂಟೆಗೆ ಶ್ರೀಕಂಠಯ್ಯ ನೋಡಿದಾಗ ವ್ಯತ್ಯಾಸದ ಪಟ್ಟಿ ಖಾಲಿ. "ಅಳಿಸಿದೆಯೇನಮ್ಮ?"

ಉತ್ತರ ಕೊಟ್ಟವನು ಗೇಬ್ರಿಯಲ್, ಇಲ್ಲ ಎನ್ನಲು ಅಲ್ಲಿ ಕಲಿತ ಅರಬ್ಬಿಯಲ್ಲಿ: "ಮಾಫಿ ಸರ್. ವ್ಯತ್ಯಾಸವೇ ಇಲ್ಲ."

ಅವರು ಒಟ್ಟು ಸಾಲುಗಳ ಲೆಕ್ಕ ನೋಡಿದರು. ಹಸೀನಳದು ಒಂದೂ ಕಮ್ಮಿಯಾಗಿರಲಿಲ್ಲ, ಗೇಬ್ರಿಯಲ್‌ನದು ನಲವತ್ತೊಂದು ಹೆಚ್ಚಾಗಿತ್ತು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಮುಂದಿನ ರಿಜಿಸ್ಟರಲ್ಲೂ ಹಿಂಗೇ ಗೆರೆ ಎಳೆದಿದಾರಾ?"

"ಉಂಟು ಸರ್," ಎಂದಳು ಹಸೀನ. "ಇನ್ನೂ ಜಾಸ್ತಿ ಉಂಟು."

"ಹಾಗಾದ್ರೆ ಅದನ್ನೂ ನೀವಿಬ್ಬರೇ ಮಾಡಿ. ಬೇರೆಯವರಿಗೆ ಕೊಡೋದು ಬೇಡ."