ಟೈಲರಮ್ಮನ ಮುಂಬಾಗಿಲು

“ತಡೀರಿ, ತಡೀರಿ! ಮೂಲೆ ತಗಲ್ತು.”

ಖಾಲಿ ಪೆಟ್ಟಿಗೆ ಹೊತ್ತಿದ್ದ ನಾಲ್ವರೂ ಹಾಗೇ ನಿಂತರು. ಮಲಗುವ ಕೋಣೆಯಿಂದ ಹೊರಬಂದು ಪ್ಯಾಸೇಜಿನಲ್ಲಿ ಎಡಕ್ಕೆ ತಿರುಗಿದರೆ ಮುಂಬಾಗಿಲು. ಆ ತಿರುವಿನಲ್ಲೇ ಗೋಡೆಗೆ ಕೂರಿಸಿದ ಮರದ ಕಪಾಟು. ಪೆಟ್ಟಿಗೆಯ ಒಂದು ತುದಿ ಕೋಣೆಯ ಬಾಗಿಲ ಚೌಕಟ್ಟಿಗೂ ಇನ್ನೊಂದು ತುದಿ ಕಪಾಟಿಗೂ ಸಿಕ್ಕಿಕೊಂಡಿತ್ತು.

“ನೋಡಿ ಯಜಮಾನ್ರೇ,” ಎಂದ ಶವದ ಗಾಡಿಯ ಮೇಸ್ತ್ರಿ, “ಖಾಲಿ ಪೆಟ್ಟಿಗೇನೇ ತಿರುಗಲ್ಲ ಅಂದ್ಮೇಲೆ ಅಮ್ಮನ್ನ ಇಟ್ಕೊಂಡು ಹೇಗೆ ತಿರುಗ್ಸೋದು? ನಾವು ಬಂದ ದಾರೀಲೇ ಹೋಗೋಣ. ಎದುರಿಗೇ ಅಡುಗೆಮನೆ, ಅದರಾಚೆ ಹಿಂಬಾಗಿಲು. ಗಾಡೀನೂ ಹಿಂದಿನ ಗಲ್ಲೀಲೇ ನಿಂತಿದೆ.”

“ಮುಂಬಾಗಿಲಿಂದಲೇ ಹೋಗೋದು,” ಎಂದರು ಮನೆಯ ಯಜಮಾನರು, ಎಲ್ಲರ ಬಾಯಲ್ಲಿ ಡ್ರೈವರ್.

ಮೂವತ್ತಾರು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಮಾತು ಕಡಿಮೆ. ಒಳಗೆ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಹೆಂಡತಿ, ಬೀದಿಗೆಲ್ಲ ಟೈಲರಮ್ಮ, ಮಾತಿನ ಪಾಲನ್ನು ಇಬ್ಬರ ಪರವಾಗಿಯೂ ಮುಗಿಸಿದ್ದಳು.

“ಹಾಗಾದ್ರೆ ಪೆಟ್ಟಿಗೇನ ನೆಟ್ಟಗೆ ನಿಲ್ಲಿಸಿ ತಿರುಗ್ಸಬೇಕು,” ಎಂದ ಮೇಸ್ತ್ರಿ.

“ಅವಳೇನು ಸೋಫಾನಾ, ನಿಲ್ಲಿಸಿ ತಿರುಗ್ಸೋಕೆ?”

ಟೈಲರಮ್ಮನ ತಮ್ಮ ಬೆಳಗ್ಗೆಯಷ್ಟೇ ಬೇರೆ ಊರಿನಿಂದ ಬಂದಿದ್ದ. ಗಡಿಯಾರ ನೋಡಿಕೊಂಡು ಮುಂದೆ ಬಂದ. “ಭಾವ, ಹಠ ಮಾಡ್ಬೇಡಿ. ಮೂರು ಗಂಟೆಗೆ ಸ್ಮಶಾನದಲ್ಲಿರ್ಬೇಕು. ಹೋದವಳಿಗೆ ಯಾವ ಬಾಗಿಲಾದ್ರೇನು?”

“ನಿಮ್ಮಮ್ಮ ಹೋದ ದಿನ ನೀನಿರಲಿಲ್ಲ,” ಎಂದರು ಡ್ರೈವರ್. “ಇದ್ದಿದ್ರೆ ಈ ಮಾತು ಆಡ್ತಿರಲಿಲ್ಲ.”

*

ಆಗ ಅವರು ಪೇಟೆಯಲ್ಲಿ ಒಬ್ಬ ವಕೀಲರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಎರಡು ಕೋಣೆ, ಒಂದು ಹೊಲಿಗೆ ಯಂತ್ರ, ಶಾಲೆಗೆ ಹೋಗುವ ಮಗಳು, ಹಾಸಿಗೆ ಹಿಡಿದ ಅತ್ತೆ, ಅಂದರೆ ಟೈಲರಮ್ಮನ ತಾಯಿ. ಬಾಡಿಗೆಯವರು ಪಕ್ಕದ ಸಂದಿಯಿಂದಲೇ ಓಡಾಡಬೇಕು ಎಂಬುದು ಮೊದಲ ದಿನದ ಕರಾರು. ಸಂದಿಯ ಉದ್ದಕ್ಕೂ ಕಸದ ಡಬ್ಬಗಳು. ಬಟ್ಟೆ ಹೊಲಿಸಲು ಬರುವವರು ಮೂಗು ಮುಚ್ಚಿಕೊಂಡು ಬಂದು, ಒಳಗೆ ಬಂದ ಮೇಲೆ ಕೈ ತೆಗೆಯುತ್ತಿದ್ದರು. “ನನ್ನ ಹೊಲಿಗೆ ಚೆನ್ನಾಗಿರೋದಕ್ಕೇ ಈ ವಾಸನೇಲೂ ಬರ್ತಾರೆ,” ಎಂದು ಅವಳು ನಗುತ್ತಿದ್ದಳು.

ಅತ್ತೆ ತೀರಿಕೊಂಡ ದಿನ ವಕೀಲರ ಮನೆಯಲ್ಲಿ ನೆಂಟರಿದ್ದರು. “ಮುಂದುಗಡೆಯಿಂದ ಬೇಡ, ಮಕ್ಕಳು ಹೆದರ್ಕೋತಾರೆ,” ಎಂದು ಹೇಳಿಕಳಿಸಿದರು. ಹೊತ್ತವರು ಡಬ್ಬಗಳನ್ನು ಕಾಲಿನಿಂದ ಸರಿಸಿ ಸರಿಸಿ ದಾರಿ ಮಾಡಿಕೊಂಡರು. ಒಂದು ಡಬ್ಬ ಉರುಳಿತು. ಟೈಲರಮ್ಮ ಆಗ ಅಳಲಿಲ್ಲ. ಎಲ್ಲ ಮುಗಿಸಿ ಬಂದು ನಲ್ಲಿಯಲ್ಲಿ ಕೈ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಹೇಳಿದಳು: “ನನ್ನನ್ನ ಮಾತ್ರ ಹೀಗೆ ಕಳಿಸ್ಬೇಡಿ. ಎಷ್ಟೇ ಚಿಕ್ಕದಾಗ್ಲಿ, ನಮ್ದೇ ಅನ್ನೋ ಒಂದು ಮುಂಬಾಗಿಲು ಇರ್ಬೇಕು.”

“ಆಗಲಿ,” ಎಂದಿದ್ದರು ಅವರು.

ಆ ಒಂದು ಮಾತಿಗೆ ಹನ್ನೊಂದು ವರ್ಷ ಹಿಡಿಯಿತು. ಅವರ ಬಸ್ಸಿನ ಕೊನೆಯ ನಿಲ್ದಾಣ ಊರಾಚೆಯ ಈ ಬಡಾವಣೆ. ಸಾಲು ಮರ, ಸದ್ದಿಲ್ಲದ ಬೀದಿ, ಬೇಲಿಯ ಮೇಲೆ ಮಲಗಿದ ಬೆಕ್ಕು. ಬಸ್ಸು ನಿಲ್ಲುವ ಹತ್ತು ನಿಮಿಷದಲ್ಲಿ ಅವರು ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದರು. ಅಲ್ಲೊಂದು ಚಿಕ್ಕ ಮನೆಯ ಗೇಟಿಗೆ ‘ಮಾರಾಟಕ್ಕಿದೆ’ ಎಂಬ ಹಲಗೆ ನೇತುಬಿತ್ತು. ಎರಡು ಬೇಸಿಗೆ ಕಳೆದು ಅಕ್ಷರ ಮಾಸಿದರೂ ಹಲಗೆ ಅಲ್ಲೇ ಇತ್ತು. ಮೂರನೆಯ ಬೇಸಿಗೆಯಲ್ಲಿ ಅವಳನ್ನು ಅದೇ ಬಸ್ಸಿನಲ್ಲಿ ಕೂರಿಸಿಕೊಂಡು ಬಂದರು.

ಅವಳು ಮುಂಬಾಗಿಲಿನಿಂದ ಒಳಗೆ ಹೋದಳು. ಹೊರಗೆ ಬಂದಳು. ಮತ್ತೆ ಒಳಗೆ, ಮತ್ತೆ ಹೊರಗೆ. ದಲ್ಲಾಳಿ ಕಕ್ಕಾಬಿಕ್ಕಿಯಾದ. “ಅಮ್ಮಾ, ಅಡುಗೆಮನೆ ನೋಡಲ್ವಾ? ನೀರು ಬರುತ್ತಾ ಕೇಳಲ್ವಾ?”

“ಅದೆಲ್ಲ ಆಮೇಲೆ. ಈ ಬಾಗಿಲು ಚೆನ್ನಾಗಿದೆ,” ಎಂದು ಅವಳು ನಾಲ್ಕನೆಯ ಸಲ ಒಳಗೆ ಹೋದಳು.

*

ಡ್ರೈವರ್ ಪ್ಯಾಸೇಜಿನಲ್ಲಿ ಮಂಡಿಯೂರಿ ಕೂತು ತಿರುವನ್ನು ನೋಡಿದರು. ಎದ್ದು ಕೋಣೆಯ ಬಾಗಿಲಿನಿಂದ ಕಪಾಟಿನವರೆಗೆ ಹೆಜ್ಜೆ ಹಾಕಿದರು.

“ತಲೆ ಕಡೆಯಿಂದ ಬೇಡ. ಕಾಲಿನ ಕಡೆ ಮುಂದಕ್ಕೆ ಬರ್ಲಿ. ಉದ್ದದ ಬಸ್ಸು ತಿರುಗ್ಸೋವಾಗ ಮೊದಲು ಪೂರ್ತಿ ಹೊರಗೆ ತರ್ಬೇಕು, ಆಮೇಲೆ ಸ್ಟೇರಿಂಗ್ ತಿರುವ್ಬೇಕು. ನೀವು ಮೊದಲೇ ತಿರುವ್ತಾ ಇದ್ದೀರಿ.”

ಹಾಗೇ ಮಾಡಿದರು. ಪೆಟ್ಟಿಗೆ ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ, ಹಿಂದೆ ಸರಿದು, ಎಡಕ್ಕೆ ವಾಲಿತು. ಮುಕ್ಕಾಲು ಪಾಲು ತಿರುಗಿತು. ಮತ್ತೆ ಕಪಾಟು.

“ಎರಡು ಬೆರಳು,” ಎಂದ ಮೇಸ್ತ್ರಿ. ಅವನ ದನಿಯಲ್ಲಿ ಈಗ ಬೇಸರವಿರಲಿಲ್ಲ, ಪಟ್ಟು ಹುಟ್ಟಿಕೊಂಡಿತ್ತು. “ಬರೀ ಎರಡೇ ಬೆರಳು ಸಾರ್.”

ಬಾಗಿಲ ಬಳಿ ನಿಂತಿದ್ದ ಪಕ್ಕದ ಮನೆಯ ಬಡಗಿ ಗಂಟಲು ಸರಿಮಾಡಿಕೊಂಡ. “ಆ ಎರಡು ಬೆರಳಿನ ಕತೆ ನನಗೆ ಗೊತ್ತು. ಕಪಾಟು ಮಾಡಿದೋನು ನಾನೇ.”

“ನೀವೇ ತಪ್ಪು ಅಳತೆ ತಗೊಂಡ್ರಾ?” ಎಂದು ಕೇಳಿದ ತಮ್ಮ.

“ನನ್ನನ್ನ ಅಳೆಯೋಕೆ ಬಿಟ್ರೆ ತಾನೆ! ‘ಮೂವತ್ತು ವರ್ಷದಿಂದ ಜನರನ್ನ ಅಳೀತಿದ್ದೀನಿ, ಗೋಡೆ ಅಳೆಯೋಕೆ ಬರಲ್ವಾ?’ ಅಂತ ಟೈಲರಮ್ಮ ಚೀಟಿ ಬರೆದು ಕೊಟ್ರು. ಕಪಾಟು ತಂದು ನೋಡ್ತೀನಿ, ಗೋಡೆಯ ಗೂಡಿಗೆ ದೊಡ್ಡದು. ಅಗಲ ಹೇಗೋ ಉಜ್ಜಿ ಕೂರಿಸ್ದೆ. ಆಳಕ್ಕೆ ಏನ್ಮಾಡ್ಲಿ? ಎರಡು ಬೆರಳು ಹೊರಗೇ ಉಳೀತು. ಆಮೇಲೆ ಗೊತ್ತಾಯ್ತು, ಅವರು ಅಳೆದಿದ್ದು ಏಪ್ರನ್ ಜೇಬಲ್ಲಿ ಉಳಿದು ಬಟ್ಟೆ ಜೊತೆ ಬಿಸಿನೀರಲ್ಲಿ ಬೆಂದುಹೋಗಿದ್ದ ಟೇಪಿನಲ್ಲಿ. ಕುಗ್ಗಿಹೋಗಿತ್ತು ಅದು, ಅಳತೆಯೆಲ್ಲ ಜಾಸ್ತಿ ತೋರಿಸ್ತಿತ್ತು.”

ಟೈಲರಮ್ಮನ ಮಗಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. “ಆ ಕಪಾಟಿಗೆ ನನ್ನ ಭುಜ ತಾಗದ ದಿನ ಇಲ್ಲ. ಹೇಳಿದ್ರೆ ‘ನೀನೇ ದಪ್ಪ ಆಗಿದ್ದೀಯ’ ಅಂತಿದ್ಲು ಅಮ್ಮ.”

“ಬಿಚ್ಚೋಕೆ ಎಷ್ಟು ಹೊತ್ತು?” ಡ್ರೈವರ್ ಬಡಗಿಯನ್ನು ಕೇಳಿದರು.

“ಖಾಲಿ ಮಾಡಿ ಕೊಡಿ. ಇಪ್ಪತ್ತು ನಿಮಿಷ.”

ತಮ್ಮ ಮತ್ತೆ ಗಡಿಯಾರ ನೋಡಿಕೊಂಡ. ಈ ಸಲ ಅಂಗಿಯ ತೋಳು ಮಡಚಿದ.

ಕಪಾಟಿನ ಬಾಗಿಲು ತೆರೆದರೆ ತಳದಿಂದ ತುದಿಯವರೆಗೆ ಕಾಗದದ ಪೊಟ್ಟಣಗಳು. ಅಂಗಳದಲ್ಲಿ ಸುಮ್ಮನೆ ನಿಂತಿದ್ದ ಬೀದಿಯವರು ಒಬ್ಬೊಬ್ಬರಾಗಿ ಒಳಗೆ ಬಂದು, ಕೈಯಿಂದ ಕೈಗೆ ದಾಟಿಸತೊಡಗಿದರು. ಒಂದೊಂದರ ಮೇಲೂ ಪೆನ್ಸಿಲಿನ ಬರಹ. ಯಾರ ಬಟ್ಟೆ ಹೊಲಿದರೂ ಅದರದೊಂದು ತುಂಡನ್ನು ಅವಳು ತೆಗೆದಿಟ್ಟಿದ್ದಳು. ಹರಿದಾಗ ತೇಪೆಗೆ ಬೇರೆ ಬಣ್ಣ ಹುಡುಕಬಾರದಲ್ಲ.

“ಇದು ನಂದು,” ಎಂದ ಬಡಗಿ ಸ್ಕ್ರೂ ಬಿಚ್ಚುತ್ತಲೇ. ‘ಬಡಗಿ, ಕಂದು ಪ್ಯಾಂಟು, ಮೊಣಕಾಲು’ ಎಂದು ಬರೆದಿತ್ತು. ಒಳಗೆ ಮೊಣಕಾಲಿಗೆ ಬೇಕಾದ ಆಕಾರದಲ್ಲಿ ಕತ್ತರಿಸಿಟ್ಟ ಆರು ತೇಪೆಗಳು.

ಎದುರುಮನೆಯ ಟೀಚರ್‌ಗೆ ಎಪ್ಪತ್ತು ದಾಟಿತ್ತು. ಕೈಗೆ ಬಂದ ಪೊಟ್ಟಣವನ್ನು ಅವರು ಮುಂದಕ್ಕೆ ಕೊಡಲಿಲ್ಲ. ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

“ಏನು ಬರೆದಿದೆ ಆಂಟಿ?” ಎಂದಳು ಮಗಳು.

ಟೀಚರ್ ಅದನ್ನು ಅವಳ ಕೈಗೇ ಕೊಟ್ಟರು. ‘ಟೀಚರ್, ಬೂದು ಕೋಟು. ಎಡತೋಳು ಒಂದು ಇಂಚು ಗಿಡ್ಡ ಹೊಲಿಯಬೇಕು. ಅವರಿಗೆ ಹೇಳಬಾರದು.’

“ಚಿಕ್ಕಂದಿನಲ್ಲಿ ಕೈ ಮುರಿದಿತ್ತು,” ಎಂದರು ಟೀಚರ್. ಎಡಗೈಯನ್ನು ಬಲಗೈಯಿಂದ ಮೆಲ್ಲಗೆ ಹಿಡಿದುಕೊಂಡರು. “ಇವಳ ಹತ್ರ ಹೊಲಿಸೋಕೆ ಶುರುಮಾಡಿದ ಮೇಲೆ ನನ್ನ ಕೈ ಸರಿಹೋಯ್ತು ಅಂತಲೇ ನಾನು ಅಂದ್ಕೊಂಡಿದ್ದೆ ಕಣೇ.”

ಡ್ರೈವರ್ ಕೇಳಿಸಿಕೊಂಡರು. ಅವರಿಗೂ ಇದು ಗೊತ್ತಿರಲಿಲ್ಲ. ಅಳಲು ಈಗ ಪುರುಸೊತ್ತಿರಲಿಲ್ಲ. ಅವರು ಕಪಾಟಿನ ಒಂದು ಮಗ್ಗುಲಿಗೆ ಭುಜ ಕೊಟ್ಟರು.

“ಸಾರ್, ನೀವು ಬಿಡಿ,” ಎಂದ ಮೇಸ್ತ್ರಿ.

“ತಳ್ಳಿ,” ಎಂದರು ಅವರು.

ಕಪಾಟು ಕಿರುಗುಟ್ಟಿತು, ಗೋಡೆಯ ಗಾರೆಯನ್ನೊಂದಿಷ್ಟು ಕಿತ್ತುಕೊಂಡು ಅಲುಗಿತು, ಮೇಸ್ತ್ರಿಯ ಆಳುಗಳ ಭುಜವೇರಿ ಅಂಗಳಕ್ಕೆ ಹೋಯಿತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಟೈಲರಮ್ಮ ಪೆಟ್ಟಿಗೆಯಲ್ಲಿ ಮಲಗಿದ್ದಳು. ಡ್ರೈವರ್ ಪ್ಯಾಸೇಜಿನ ತುದಿಯಲ್ಲಿ ಮುಂಬಾಗಿಲಿಗೆ ಬೆನ್ನು ಮಾಡಿ ನಿಂತು ಎರಡೂ ಕೈ ಎತ್ತಿದರು. ಡಿಪೋದಲ್ಲಿ ಹೊಸಬರಿಗೆ ಬಸ್ಸು ತಿರುಗಿಸಲು ಕಲಿಸುತ್ತಿದ್ದುದು ಹೀಗೆಯೇ.

“ಬನ್ನಿ... ಬನ್ನಿ... ಇನ್ನೂ ಮುಂದೆ. ಈಗ ನಿಲ್ಲಿ. ಹಿಂದಿನವರು ಬಲಕ್ಕೆ. ನಿಧಾನ. ಅವಳಿಗೆ ಕುಲುಕಾಡಿದ್ರೆ ಆಗಲ್ಲ. ಹಾಂ. ಈಗ ನೇರ ಬನ್ನಿ.”

ಯಾವುದಕ್ಕೂ ತಾಗಲಿಲ್ಲ. ಅವರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಹೊಸ್ತಿಲು ದಾಟಿದರು, ಮೆಟ್ಟಿಲಿಳಿದರು. ಪೆಟ್ಟಿಗೆ ಹಗಲಿನ ಬೆಳಕಿಗೆ ಬಂತು. ಬೀದಿಯವರು ಗೇಟಿನ ಎರಡೂ ಕಡೆ ಸರಿದು ನಿಂತರು. ಅವರ ಕೈಗಳಲ್ಲಿ ಇನ್ನೂ ಪೊಟ್ಟಣಗಳಿದ್ದವು.

ಗಾಡಿಯನ್ನು ಮುಂದಿನ ಬೀದಿಗೆ ತಂದು ನಿಲ್ಲಿಸಿದ್ದರು. ಡ್ರೈವರ್ ಮುಂದೆ, ಮೇಸ್ತ್ರಿಯ ಪಕ್ಕದ ಸೀಟು ಹತ್ತಿದರು.

“ಅಪ್ಪ, ಬಾಗಿಲು ಹಾಕ್ಲಾ?” ಎಂದು ಮಗಳು ಕೇಳಿದಳು.

“ಬೇಡ. ತೆರೆದೇ ಇರ್ಲಿ.”

“ನಾನು ನೋಡ್ಕೋತೀನಿ, ಹೋಗ್ಬನ್ನಿ,” ಎಂದು ಟೀಚರ್ ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಮೇಸ್ತ್ರಿ ಗಾಡಿ ಶುರುಮಾಡಿದ. ಡ್ರೈವರ್ ಕಿಟಕಿಯಿಂದ ಕೈ ಹಾಕಿ ತಮ್ಮ ಕಡೆಯ ಕನ್ನಡಿಯನ್ನು ತಮಗೆ ಕಾಣುವಂತೆ ತಿರುಗಿಸಿಕೊಂಡರು. ಇನ್ನೊಬ್ಬರ ಗಾಡಿಯ ಕನ್ನಡಿ ಮುಟ್ಟಬಾರದೆಂದು ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಮೇಸ್ತ್ರಿ ನೋಡಿದ, ಗೇರ್ ಹಾಕಿದ.

ಕನ್ನಡಿಯಲ್ಲಿ ಗೇಟು, ಮೆಟ್ಟಿಲು, ಹಾರುಹೊಡೆದ ಮುಂಬಾಗಿಲು. ಗಾಡಿ ಮೆಲ್ಲಗೆ ಸರಿದಂತೆ ಬಾಗಿಲು ಕನ್ನಡಿಯ ಅಂಚಿನ ಕಡೆಗೆ ಜಾರತೊಡಗಿತು. ಬೀದಿಯ ತುದಿಯ ತಿರುವು ಹತ್ತಿರ ಬಂತು. ಕಾಲ ಬುಡದಲ್ಲಿ ಬರೀ ರಬ್ಬರಿನ ಹಾಸು. ಅದರ ಮೇಲೆ ಅವರ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಮೆಲ್ಲಗೆ, ಬಿಡದೆ ಒತ್ತುತ್ತಿತ್ತು.