ಆ ಒಂದನ್ನು ಬಿಟ್ಟು

ಹಸಿರು, ಇಷ್ಟೊಂದು ಹಸಿರಾಗಿ ಯಾಕೆ ತೋರಿಸುತ್ತದೆ ಇದು, ಕಂಪ್ಯೂಟರಿನ ಕಪ್ಪು ತೆರೆಯ ತಳದಲ್ಲಿ ಒಂದೇ ಸಾಲು, ಅಳಿಸುವ ಕೆಲಸ ಪೂರ್ತಿಯಾಯಿತು ಅಂತ, ಆಫೀಸಿನ ಪಕ್ಕದ ಮೇಜಿನಲ್ಲಿ ಮೇಷ್ಟ್ರು ಲೋಟದೊಳಗೆ ಚಮಚ ಆಡಿಸುತ್ತಲೇ ಇದ್ದಾರೆ, ಸಕ್ಕರೆ ಕರಗಿ ಎಷ್ಟು ಹೊತ್ತಾಯಿತೋ, ಟಿಣ್ ಟಿಣ್, ಅವಳು ಆ ಸಾಲನ್ನು ಓದಿದಳು, ಓದಿ ಒಂದು ಗಳಿಗೆ ಅವಳಿಗೆ ಹಾಯೆನಿಸಿತು ಕೂಡ, ಇವತ್ತು ಒಂದು ಕೆಲಸವಾದರೂ ನೆಟ್ಟಗೆ ಮುಗಿಯಿತಲ್ಲ ಅಂತ — ಆಮೇಲೆ ಕಣ್ಣು ಸುಮ್ಮನಿರದೆ ಮೇಲಿನ ಸಾಲಿಗೆ ಹತ್ತಿತು, ಅದರ ಮೇಲಿನದಕ್ಕೆ, ಅದರ ಮೇಲಿನದಕ್ಕೆ, ಅಲ್ಲಿ ಅಕ್ಕನ ಬಕೆಟ್ಟಿನ ಹೆಸರಿತ್ತು, ಹೆಸರಿನ ಮುಂದೆ ಅದೇ ಮಾತು, ಅಳಿಸಲಾಗಿದೆ. ಅಕ್ಕನದು. ಅಕ್ಕನ ಧ್ವನಿ. ಇಲ್ಲ ಇಲ್ಲ, ಬೇರೆ ಯಾವುದೋ ಇರಬೇಕು, ತೆರೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು, ಒಂದನೇ ತರಗತಿಯ ಮಗುವಿನ ಹಾಗೆ, ಆ ಹೆಸರಿಟ್ಟವಳೇ ಅವಳು, ತಪ್ಪಿ ಓದುವ ದಾರಿಯೇ ಇರಲಿಲ್ಲ. ಕೀಬೋರ್ಡಿನ ಮೇಲೆ ಕೈ ಹಾಗೇ ಉಳಿಯಿತು, ಬೇರೆ ಯಾರೋ ಮರೆತು ಹೋದ ಹಾಗೆ. ಕಣ್ಣ ಮುಂದೆ ಆ ಧ್ವನಿ ತುಂಬಿಸಿದ ದಿನಗಳು, ಅರ್ಧ ಎಳೆದ ಬೀರುವಿನ ಬಾಗಿಲು, ಬಾಗಿಲ ಹೊರಗೆ ಅಕ್ಕನ ಎರಡು ಪಾದ, ಬಲಗಾಲಿನ ಹೆಬ್ಬೆರಳು ನೆಲಕ್ಕೆ ತಾಳ ಹಾಕುತ್ತಿದೆ, ಒಂದು ವಾಕ್ಯಕ್ಕೆ ಒಂದು ಪೆಟ್ಟು.

ಅಕ್ಕ ಆಸ್ಪತ್ರೆಯಲ್ಲಿದ್ದಾಳೆ, ಇವತ್ತೇ, ಈ ಬೆಳಿಗ್ಗೆಯೇ ಆಪರೇಷನ್ನು, ಗಂಟಲೊಳಗಿನ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡುತ್ತಾರೆ, ತೆಗೆಯದಿದ್ದರೆ ಗಡ್ಡೆ ಆಳನ್ನೇ ತೆಗೆದುಕೊಂಡು ಹೋಗುತ್ತದೆ, ಡಾಕ್ಟರು ಪೆನ್ನಿನಿಂದ ತಮ್ಮ ಕತ್ತಿನ ಮೇಲೇ ಗೆರೆ ಎಳೆದು ತೋರಿಸಿದ್ದರು, ಇಲ್ಲಿಂದ ಇಲ್ಲಿಗೆ, ಆಮೇಲೆ ಉಸಿರಾಡಬಹುದು ಊಟ ಮಾಡಬಹುದು, ಮಾತು ಮಾತ್ರ ಇರಲ್ಲ. ಈಜು ಕಲಿಸುವವಳ ಗಂಟಲು ಅದು, ಕೊಳದ ಈ ದಡದಲ್ಲಿ ನಿಂತು ಆ ದಡದಲ್ಲಿ ನಡುಗುವವರನ್ನು ನೀರಿಗೆ ನೂಕುವಂಥದು, ಕಾಲು ಒದಿ, ಕಾಲು, ಕಾಲು, ನೀರನ್ನ ತಬ್ಕೊಂಡ್ರೆ ಅದೇನು ನಿನ್ನ ಎತ್ಕೊಳ್ಳುತ್ತಾ, ಒದಿ, ಮೊದಮೊದಲು ಧ್ವನಿ ಒಡೆದಾಗ ಕೂಗಿ ಕೂಗಿ ಹೀಗಾಗಿದೆ ಅಂತ ಮನೆಮಂದಿಯೆಲ್ಲ ನಕ್ಕಿದ್ದರು, ಬಿಸಿನೀರು ಕುಡಿ ಅಂದಿದ್ದರು, ನಗುವುದರಲ್ಲಿ ತಂಗಿಯಾದ ಅವಳೂ ಹಿಂದೆ ಬಿದ್ದಿರಲಿಲ್ಲ. ಮತ್ತೆ ನೋಡಿದರೆ ಅವಳ ಕಂಪನಿಯ ಕಸುಬೇ ಇದು, ಮಾತು ಕಳೆದುಕೊಳ್ಳಲಿರುವವರಿಂದ ಮೊದಲೇ ರಾಶಿ ರಾಶಿ ವಾಕ್ಯ ಓದಿಸಿ ಕ್ಲೌಡಿನಲ್ಲಿ ಕೂಡಿಟ್ಟುಕೊಳ್ಳುವುದು, ಆಮೇಲೆ ಅವರು ಫೋನಿನಲ್ಲಿ ಟೈಪ್ ಮಾಡಿದ್ದನ್ನು ಅವರದೇ ಧ್ವನಿಯಲ್ಲಿ ಆಡಿಸುವುದು, ಗೊತ್ತಾದ ದಿನ ಅಕ್ಕ ಅಳಲಿಲ್ಲ, ಮನೇಲೇ ಅಂಗಡಿ ಇಟ್ಕೊಂಡು ಯಾಕೆ ಹೆದರ್ಬೇಕು ಬಿಡು ಗುಬ್ಬಿ, ಅಂದಳು. ಎಲ್ಲಿ ಇಡ್ತೀಯಾ ನನ್ನ ಧ್ವನಿನ, ಬಕೆಟ್ಟಲ್ಲಿ ಅಕ್ಕ, ಕ್ಲೌಡಲ್ಲಿ ಫೈಲು ತುಂಬಿಡೋ ಜಾಗ, ಅದರ ಹೆಸರೇ ಬಕೆಟ್, ಬಕೆಟ್ಟಾ, ಮುಚ್ಚಳ ಆದ್ರೂ ಇದೆಯೇನೇ ಅದಕ್ಕೆ. ಮುಚ್ಚಳ ಇರುವ ಬಕೆಟ್ಟುಗಳು ಇದ್ದವು, ಪ್ರೊಡಕ್ಷನ್ನಿನಲ್ಲಿ, ನಿಜವಾದ ರೋಗಿಗಳ ಧ್ವನಿ ಇರುವ ಜಾಗದಲ್ಲಿ, ಅಲ್ಲಿ ಒಂದು ಅಳಿಸಿದರೆ ಎರಡು ಕಡೆ ನಕಲು ಸಿಗುತ್ತದೆ, ಆದರೆ ಅಲ್ಲಿಗೆ ಸೇರಿಸಲು ಆಸ್ಪತ್ರೆಯ ಪತ್ರ ಬೇಕು, ಪತ್ರ ತಡವಾಯಿತು, ಆಪರೇಷನ್ನಿನ ದಿನ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬಂತು, ಅದಕ್ಕೇ ಅವಳು ಟೆಸ್ಟಿನಲ್ಲಿ ಒಂದು ಬಕೆಟ್ ಮಾಡಿ ಅದರಲ್ಲಿ ತುಂಬಿಸಿದ್ದಳು, ಪತ್ರ ಬಂದ ಮೇಲೆ ಸಾಗಿಸಿದರಾಯಿತು ಅಂತ. ಪತ್ರ ಮೊನ್ನೆ ಬಂತು. ಮೊನ್ನೆ ಅವಳು ಅಕ್ಕನ ಆಸ್ಪತ್ರೆ ಚೀಲ ಜೋಡಿಸುತ್ತಿದ್ದಳು, ಮುಂದೆ ಗುಂಡಿ ಇರುವ ಅಂಗಿಗಳು, ಬಾಗುವ ಸ್ಟ್ರಾ, ಬರೆದು ತೋರಿಸಲು ಸಣ್ಣ ಬಿಳಿ ಹಲಗೆ, ಇದೊಂದು ಎರಡು ದಿನಕ್ಕೆ ಅಷ್ಟೇ ಅಕ್ಕ, ಆಮೇಲೆ ಫೋನೇ ಮಾತಾಡುತ್ತೆ.

ಟೆಸ್ಟ್ ಅಂದರೆ ಪ್ರಯೋಗಕ್ಕೆ ಇಟ್ಟ, ಯಾರದೂ ಅಲ್ಲದ ಜಾಗ, ವಾರವಿಡೀ ಎಲ್ಲರೂ ಕಟ್ಟಿ ಕೆಡವಿ ಗಲೀಜು ಮಾಡುತ್ತಾರೆ, ಬುಧವಾರ ಬೆಳಿಗ್ಗೆ ಒಬ್ಬರು ಒಂದು ಕಮಾಂಡ್ ಕೊಟ್ಟು ಇಡೀ ಟೆಸ್ಟನ್ನೇ ಅಳಿಸಿ ಹೊಸದಾಗಿ ಕಟ್ಟುತ್ತಾರೆ, ಆ ಟೂಲು ಮೊದಲು ಏನೇನು ಅಳಿಸುತ್ತೇನೆ ಅಂತ ಉದ್ದಕ್ಕೆ ಸುರಿಯುತ್ತದೆ, ಕೊನೆಗೆ ಹೌದಾ ಅಂತ ಕೇಳುತ್ತದೆ, ಹೌದು ಅಂತ ಇಂಗ್ಲಿಷಿನಲ್ಲಿ ಮೂರಕ್ಷರ ಟೈಪ್ ಮಾಡಬೇಕು, ಬೇರೇನು ಒತ್ತಿದರೂ ಕೇಳುವುದಿಲ್ಲ, ಅಷ್ಟು ಶಿಸ್ತು ಅದಕ್ಕೆ. ಪಾಪ ಅದು ಎಲ್ಲ ಹೇಳಿತ್ತು. ಅಕ್ಕನ ಬಕೆಟ್ಟಿನ ಹೆಸರನ್ನೂ ಹೇಳಿತ್ತು, ಸಾಲುಗಳು ಜರ್ರನೆ ಮೇಲಕ್ಕೆ ಓಡುತ್ತಿದ್ದವು, ಅವಳು ಕಿಟಕಿಯಾಚೆ ಎದುರು ಕಟ್ಟಡದಲ್ಲಿ ಗಾಜು ಒರೆಸುವವನನ್ನು ನೋಡುತ್ತಿದ್ದಳು, ಹಗ್ಗದಲ್ಲಿ ಜೋತುಬಿದ್ದು ಎಷ್ಟು ನಿಧಾನ ಒರೆಸುತ್ತಾನಲ್ಲ ಅಂದುಕೊಂಡಳು, ಬೆರಳು ಮೂರಕ್ಷರ ಒತ್ತಿತು. ಈ ಬುಧವಾರವೂ ಸರದಿ ಮೇಷ್ಟ್ರದೇ, ಅವರೇನು ಮೇಷ್ಟ್ರಲ್ಲ, ಅವಳಂತೆಯೇ ಎಂಜಿನಿಯರ್, ಟೀ ಹೇಗೆ ಕುದಿಯುತ್ತದೆ ಅಂತಲೂ ಬಿಡಿಸಿ ಹೇಳುವ ಚಟಕ್ಕೆ ಆ ಹೆಸರು ಬಿದ್ದದ್ದು, ಅಕ್ಕನ ಬಕೆಟ್ ಇಟ್ಟಾಗಿನಿಂದ ಪ್ರತಿ ಬುಧವಾರವೂ ಅವರೇ ಅಳಿಸಿದ್ದರು, ಪ್ರತಿ ಸಲವೂ ಅವಳು ಹೋಗಿ ಅವರ ಕುರ್ಚಿಯ ಬೆನ್ನು ಹಿಡಿದು ನಿಂತು, ಮೇಷ್ಟ್ರೇ, ಆ ಒಂದನ್ನ ಬಿಟ್ಟು, ಅನ್ನುತ್ತಿದ್ದಳು, ಗೊತ್ತಮ್ಮ ಗೊತ್ತು, ಅಕ್ಕೋರ ತಂಟೆಗೆ ನಾನು ಹೋಗ್ತೀನಾ, ಕಮಾಂಡಿನ ಬಾಲಕ್ಕೆ ಬಿಟ್ಟುಬಿಡಬೇಕಾದ್ದರ ಹೆಸರು ಸೇರಿಸಿಯೇ ಒತ್ತುತ್ತಿದ್ದರು. ಇವತ್ತು ಅವಳೇ ಕೇಳಿ ಇಸಿದುಕೊಂಡಳು, ಕೊಡಿ ಮೇಷ್ಟ್ರೇ ನಾನು ಮಾಡ್ತೀನಿ, ಸುಮ್ನೆ ಕೂತ್ರೆ ತಲೆ ಕೆಡುತ್ತೆ. ಯಾಕಮ್ಮ ಬಂದೆ ಇವತ್ತು, ಆಸ್ಪತ್ರೇಲಿ ಇರ್ಬಾರ್ದಿತ್ತಾ, ಅಕ್ಕನೇ ಸಂಜೆ ಬಾ ಅಂದ್ಲು, ಬಾಗಿಲು ಕಾಯೋಕೆ ಒಬ್ಬರು ಸಾಕಂತೆ. ಬಾಣದ ಗುರುತಿನ ಕೀಲಿ ಒತ್ತಿದರೆ ಹಿಂದೆ ಕೊಟ್ಟ ಕಮಾಂಡ್ ತಾನೇ ಬಂದು ನಿಲ್ಲುತ್ತದೆ, ಯಾರು ಇಡೀ ಸಾಲು ಹೊಸದಾಗಿ ಹೊಡೆಯುತ್ತಾರೆ, ಅವಳು ಬಾಣ ಒತ್ತುತ್ತ ಹೋದಳು, ಬಂತು, ಎಂಟರ್ ಹೊಡೆದಳು. ಬಂದದ್ದು ಅವಳ ಲ್ಯಾಪ್‌ಟಾಪಿನ ನೆನಪು, ಅಕ್ಕನ ಗಂಟಲು ಚೆನ್ನಾಗಿದ್ದ ಕಾಲದ ಕಮಾಂಡು, ಬಾಲವಿಲ್ಲದ್ದು. ಬಾಲ ಇದ್ದದ್ದು ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ. ಅವರ ಬೆರಳು ಒತ್ತಿದ್ದರೆ ಅಕ್ಕ ಉಳಿಯುತ್ತಿದ್ದಳು, ಅವಳ ಬೆರಳು ಒತ್ತಿತು, ಅವಳ ಕುರ್ಚಿಯ ಬೆನ್ನು ಹಿಡಿದು ಹೇಳುವವರು ಯಾರೂ ಇರಲಿಲ್ಲ, ಹೇಳಬೇಕಾದವಳು ಕುರ್ಚಿಯಲ್ಲಿ ಕೂತಿದ್ದಳು.

ಆಯ್ತೇನಮ್ಮ, ಅಂದರು ಮೇಷ್ಟ್ರು, ಹೂಂ ಅಂದಳು, ಹೂಂ ಅಂದದ್ದು ತಾನೇನಾ, ಎಷ್ಟು ಸಲೀಸಾಗಿ ಬಂತು, ಮೇಷ್ಟ್ರು ಟೀ ಕುಡಿದರು, ಯಾರೋ ಪ್ರಿಂಟರಿನ ಹೊಟ್ಟೆ ತೆರೆದು ಸಿಕ್ಕಿಕೊಂಡ ಕಾಗದ ಎಳೆಯುತ್ತಿದ್ದಾರೆ, ಯಾರೋ ಫೋನಿನಲ್ಲಿ ಮನೆಗೆ ಹಾಲು ತರುವ ವಿಷಯ, ಎಚ್ಚರಿಕೆಯ ಒಂದು ಗಂಟೆ ಹೊಡೆಯಲಿಲ್ಲ, ಒಂದು ಕೆಂಪು ದೀಪ ಹತ್ತಲಿಲ್ಲ, ಪ್ರೊಡಕ್ಷನ್ನಿನಲ್ಲಿ ಒಂದು ಸರ್ವರ್ ಕೆಮ್ಮಿದರೆ ಹತ್ತು ಜನ ಎದ್ದು ಓಡಿಬರುತ್ತಾರೆ, ಇಲ್ಲಿ ಎಲ್ಲ ಸರಿಯಾಗಿದೆ, ಸರಿಯಾದ ಕಮಾಂಡ್, ಸರಿಯಾದ ಜಾಗ, ಸರಿಯಾದ ದಿನ. ತಪ್ಪಾಗಿದ್ದರೆ ತಿದ್ದಬಹುದಿತ್ತು. ಅವಳು ಬಕೆಟ್ಟಿನ ಹೆಸರು ಹೊಡೆದು ತೋರಿಸು ಅಂದಳು, ಅಂಥ ಬಕೆಟ್ ಇಲ್ಲ ಅಂದಿತು, ಇನ್ನೊಂದು ಸಲ, ಅಂಥ ಬಕೆಟ್ ಇಲ್ಲ, ಮತ್ತೊಂದು ಸಲ, ಕಲ್ಲಿನ ಮುಂದೆ ಕೂತು ಕೇಳಿದ ಹಾಗೆ. ಹಳೆಯ ಪ್ರತಿ ಇಟ್ಟುಕೋ ಅನ್ನುವ ಸೌಕರ್ಯ ಟೆಸ್ಟಿನಲ್ಲಿ ಇಲ್ಲ, ಗಲೀಜಿಗೆ ಯಾರು ನಕಲು ಇಡುತ್ತಾರೆ, ಮತ್ತು ಆ ಟೂಲಿಗೆ ಒಂದು ಒಳ್ಳೆಯ ಬುದ್ಧಿ ಇತ್ತು, ಬಕೆಟ್ಟಿನಲ್ಲಿ ಏನಾದರೂ ಇದ್ದರೆ ಅಳಿಸಲ್ಲ ಅಂತ ಹಟ ಹಿಡಿಯುತ್ತಿತ್ತು, ಖಾಲಿ ಮಾಡಿಕೊಂಡು ಬಾ ಅನ್ನುತ್ತಿತ್ತು, ಪ್ರತಿ ಬುಧವಾರ ಅದರ ಜೊತೆ ಗುದ್ದಾಡಿ ಎಲ್ಲರಿಗೂ ಸಾಕಾಗಿತ್ತು, ಆಗ ಒಬ್ಬಳು ಜಾಣೆ ಒಂದು ಸಾಲು ಸೇರಿಸಿದಳು, ಒಳಗೆ ಏನೇ ಇರಲಿ ಕೇಳಬೇಡ, ಅಳಿಸು, ಆ ಜಾಣೆಗೆ ಎಲ್ಲರೂ ಸೇರಿ ಐಸ್‌ಕ್ರೀಮ್ ಕೊಡಿಸಿದ್ದರು, ಈಗ ಇಲ್ಲಿ ಕೂತಿರುವ ಇವಳಿಗೇ. ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಇರಬಹುದು, ಇಲ್ಲ, ಯಾರ ಧ್ವನಿಯೂ ಲ್ಯಾಪ್‌ಟಾಪಿನಲ್ಲಿ ಉಳಿಯಕೂಡದು ಅನ್ನುವುದು ಕಂಪನಿಯ ನಿಯಮ, ಮೈಕಿನಿಂದ ನೇರ ಬಕೆಟ್ಟಿಗೆ, ಉಳಿದ ನಿಯಮವೆಲ್ಲ ಗಾಳಿಗೆ ತೂರಿ ಅದೊಂದನ್ನು ಚಾಚೂತಪ್ಪದೆ ಪಾಲಿಸಿದ್ದಳು ಮಹಾತಾಯಿ. ಫೋನಿನಲ್ಲಿ ಅಕ್ಕ ಕಳಿಸಿದ ಸಂದೇಶ, ಎಲ್ಲಿದೆ, ಬೆರಳು ಮೇಲಕ್ಕೆ ಕೆಳಕ್ಕೆ, ಎಲ್ಲ ಅಕ್ಷರ, ಅಕ್ಕನಿಗೆ ಫೋನಿನೊಂದಿಗೆ ಮಾತಾಡುವುದು ನಾಚಿಕೆ, ಒಂದೇ ಒಂದು ಸಿಕ್ಕಿತು, ಬಾಗಿಲು ತೆಗಿ, ಅಷ್ಟೇ, ಹಿಂದೆ ಗಾಡಿಗಳ ಹಾರನ್ನು, ಎರಡು ಮಾತಿನಿಂದ ಒಂದು ಜೀವಮಾನದ ಮಾತು ಹೊಲಿಯುವ ಯಂತ್ರವನ್ನು ಇನ್ನೂ ಯಾರೂ ಕಟ್ಟಿಲ್ಲ, ಗೊತ್ತು, ಕಟ್ಟುವವರ ಮಧ್ಯೆಯೇ ಕೂತಿದ್ದಾಳಲ್ಲ. ಬೀರುವಿನ ಬಾಗಿಲು, ಎರಡು ಪಾದ, ಹೆಬ್ಬೆರಳು. ಬೀದಿಯ ಸದ್ದು ಬರಬಾರದು ಅಂತ ಅಕ್ಕನನ್ನು ಬಟ್ಟೆ ಬೀರುವಿನೊಳಗೆ ಕೂರಿಸಿದ್ದು ಅವಳೇ, ಕೋಟು ಕಂಬಳಿಗಳ ನಡುವೆ ಸ್ಟೂಲು, ಟಾರ್ಚು, ಅಕ್ಕ ಒಳಗಿಂದ ಓದುವಳು, ಅವಳು ಹೊರಗೆ ನೆಲದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳುವಳು, ಕಣ್ಣೆದುರು ಆ ಪಾದಗಳು, ನೀರಿನಲ್ಲಿ ನೆನೆದೂ ನೆನೆದೂ ಬಿಳಿಚಿಕೊಂಡ ಹಿಮ್ಮಡಿ.

ಹೊತ್ತು, ಹೊತ್ತೆಷ್ಟು, ಹನ್ನೊಂದಕ್ಕೆ ಒಳಗೆ ಕರೆದುಕೊಳ್ಳುವುದು ಅಂದಿದ್ದರು, ಇನ್ನೂ ಆಗಿಲ್ಲ, ಇನ್ನೂ ಇದೆ, ದೇವರೇ ಇನ್ನೂ ಇದೆ, ಒಂದರ್ಧ ಗಂಟೆ ಸಿಕ್ಕರೂ ಸಾಕು, ಫೋನಿನಲ್ಲೇ ಓದಿಸುತ್ತೇನೆ, ಪೇಪರು ಓದಲಿ, ಔಷಧಿ ಚೀಟಿ ಓದಲಿ, ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಲಿ, ಎದ್ದಳು, ಕುರ್ಚಿ ಹಿಂದಕ್ಕೆ ಉರುಳಿ ಯಾರಿಗೋ ತಾಗಿತು, ಮೇಷ್ಟ್ರು ಏನಾಯ್ತಮ್ಮ ಅಂದದ್ದು ಬೆನ್ನಿಗೆ ಬಿತ್ತು, ಕಾರಿಡಾರು, ಮೆಟ್ಟಿಲು, ಒದ್ದೆ ನೆಲಕ್ಕೆ ಹಾಕಿದ ಹಳದಿ ಫಲಕ, ರಿಂಗಾಗುತ್ತಿದೆ, ಎತ್ತು ಅಕ್ಕ ಎತ್ತು, ಎತ್ತಿದರು, ಹಲೋ, ಭಾವ. ಭಾವ, ಅಕ್ಕಂಗೆ ಕೊಡಿ, ಬೇಗ ಕೊಡಿ. ಭಾವ ಮಾತಾಡಿದರೆ ಮುತ್ತು ಉದುರೀತು ಅನ್ನುವ ಜಾತಿಯ ಮನುಷ್ಯ, ಲಾರಿ ಓಡಿಸಿ ಓಡಿಸಿ ರಸ್ತೆಯೊಂದಿಗೇ ಸುಮ್ಮನಿರುವುದನ್ನು ಕಲಿತವರು, ಕರ್ಕೊಂಡ್ ಹೋದ್ರಲ್ಲ ಗುಬ್ಬಿ, ಅಂದರು, ಸ್ವಲ್ಪ ಬೇಗನೇ ಕರ್ಕೊಂಡ್ ಹೋದ್ರು, ಅವಳಿಗಿಂತ ಮುಂಚಿನವರಿಗೆ ಜ್ವರ ಬಂತಂತೆ, ಆಗ್ಲೇ ಮಲಗಿಸಿಬಿಟ್ಟಿರ್ತಾರೆ. ಏನಾದ್ರೂ ಹೇಳಿದ್ಲಾ, ಹೋಗುವಾಗ, ಏನಾದ್ರೂ. ಏನೂ ಇಲ್ಲ, ನಿನ್ನೆಯಿಂದ ಬಾಯಿನೇ ಬಿಟ್ಟಿಲ್ಲ, ನೋಯುತ್ತೆ ಅಂತ, ಮಾತಾಡೇ ಒಂದ್ಸಲ ಅಂದ್ರೆ ಆ ಹಲಗೆ ಮೇಲೆ ಬರೆದು ತೋರಿಸಿದ್ಲು, ಎಲ್ಲಾ ಗುಬ್ಬಿ ಹತ್ರ ಇಟ್ಟಿದ್ದೀನಿ ಅಂತ. ಮೆಟ್ಟಿಲ ಕಂಬಿ ತಣ್ಣಗಿದೆ, ಯಾರೋ ಇಳಿದು ಬರುತ್ತಿದ್ದಾರೆ, ಗೋಡೆಗೆ ಒತ್ತಿಕೊಂಡು ಜಾಗ ಬಿಟ್ಟಳು. ಹೇಳಬೇಕು ಈಗಲೇ, ಭಾವ, ಒಂದು ತಪ್ಪಾಗಿದೆ, ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಭಾವ, ಯಾವತ್ತೂ ಯಾರಲ್ಲೂ ಏನೂ ಕೇಳದ ಮನುಷ್ಯ, ಒಂದು ಕೇಳ್ಲಾ ಗುಬ್ಬಿ, ಅಂದರು, ಆಫೀಸಲ್ಲಿ ಕೆಲಸ ಇದ್ರೆ ಬೇಡ, ಅವಳ ಧ್ವನಿ ಒಂದ್ಸಲ ಹಾಕ್ತೀಯಾ, ಇಲ್ಲಿ ಒಬ್ನೇ ಕೂತು ಒಂಥರಾ ಆಗ್ತಿದೆ, ಯಾವುದಾದ್ರೂ ಸರಿ, ಕೊನೇ ದಿನ ನನ್ನ ಬೈಯೋದು ಬೇರೆ ಸೇರಿಸಿದ್ದೀನಿ ಅಂದಿದ್ಲು, ಅದನ್ನೇ ಹಾಕು. ಇತ್ತು. ಪುಸ್ತಕದ ವಾಕ್ಯವೆಲ್ಲ ಮುಗಿದ ಮೇಲೆ ಅಕ್ಕ ಬೀರುವಿನೊಳಗಿಂದ, ಇದರಲ್ಲಿ ಸಂಸಾರಕ್ಕೆ ಬೇಕಾದ ಮಾತು ಒಂದೂ ಇಲ್ಲ ಕಣೇ, ನಿಲ್ಲಿಸ್ಬೇಡ, ತಿರುಗ್ತಾ ಇರ್ಲಿ, ಅಂದು ಒಂದೊಂದಾಗಿ ಶುರು ಮಾಡಿದ್ದಳು, ಒದ್ದೆ ಟವೆಲ್ಲಿನಿಂದ ಹಿಡಿದು, ಗೊರಕೆಯವರೆಗೆ, ಬೈದು ಬೈದು ತಾನೇ ನಕ್ಕು, ನಗೂ ಬಂತಾ ಅದ್ರಲ್ಲಿ, ಬರ್ಲಿ ಬಿಡು ಅದೂ ಬೇಕಾಗುತ್ತೆ ಅಂದಿದ್ದಳು, ಅವಳಿಗೆ ಎಲ್ಲ ನೆನಪಿದೆ, ಒಂದೊಂದು ಮಾತೂ, ಮಾತು ನೆನಪಿದೆ, ಅದು ಹೇಗೆ ಕೇಳಿಸುತ್ತಿತ್ತು, ಟವೆಲ್ಲು ಅನ್ನುವಾಗ ಮೇಲೆ ಹೋಗುತ್ತಿತ್ತಾ ಕೆಳಗೆ ಇಳಿಯುತ್ತಿತ್ತಾ, ಕಿವಿಗೆ ಇಷ್ಟು ಹತ್ತಿರ ಕೇಳಿದ್ದಳಲ್ಲ ಅಷ್ಟು ದಿನ, ಬಾ, ಬಾ, ಒಂದು ಸಲ ಬಾ, ನಗು ಹೇಗಿತ್ತು, ಬರಲಿಲ್ಲ, ಗುಬ್ಬಿ ಇದ್ದೀಯಾ, ಹಾಕಿದ್ಯಾ, ಏನೂ ಕೇಳಿಸ್ತಿಲ್ಲ — ಅರ್ಧ ಎಳೆದ ಬಾಗಿಲು, ಎರಡು ಪಾದ, ಹೆಬ್ಬೆರಳು ಏಳುತ್ತಿದೆ, ನೆಲಕ್ಕೆ ಬೀಳುತ್ತಿದೆ, ಏಳುತ್ತಿದೆ, ಬೀಳುತ್ತಿದೆ, ಸದ್ದಿಲ್ಲ.